ಇಪ್ಪತ್ತು ದಿನ ಕೂತು ಒಂದೇ ಕಾನೂನಾ ಸಾರ್?

ನಮ್ಮ ಶಾಲೆಯಲ್ಲಿ ಪ್ರತಿ ವರ್ಷ ಶಾಲಾ ಸಂಸತ್ತಿನ ಚುನಾವಣೆ ನಡೆಯುತ್ತದೆ. ನಾಮಪತ್ರ, ಚಿಹ್ನೆ, ಮತಪೆಟ್ಟಿಗೆ, ಬೆರಳಿಗೆ ಶಾಯಿ, ಎಲ್ಲವೂ ಉಂಟು. ಗೆದ್ದವರು ಅಸೆಂಬ್ಲಿಯಲ್ಲಿ ಎಲ್ಲರೆದುರು ಪ್ರಮಾಣವಚನ ತೆಗೆದುಕೊಳ್ಳುತ್ತಾರೆ. ಆಮೇಲೆ ತಿಂಗಳಿಗೊಂದು ಸಭೆ. ನೀರಿನ ನಳ್ಳಿ ಸೋರುವುದು, ಬಿಸಿಯೂಟದ ಸಾಲು, ಗ್ರಂಥಾಲಯದ ಪುಸ್ತಕ, ಹೀಗೆ ಚರ್ಚೆ ಸಾಗುತ್ತದೆ.

2025ರ ಜನವರಿಯಲ್ಲಿ, ಕ್ರಿಸ್‌ಮಸ್ ರಜೆ ಮುಗಿದು ಶಾಲೆ ತೆರೆದ ವಾರ, ಏಳನೆಯ ತರಗತಿಯ ಒಬ್ಬಳು ಹುಡುಗಿ ಪತ್ರಿಕೆಯ ತುಂಡೊಂದನ್ನು ಹಿಡಿದುಕೊಂಡು ಬಂದಳು. ಮನೆಯಲ್ಲಿ ತುಳು, ದಾರಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಮಾತಾಡುವ ನಮ್ಮ ಕಾಸರಗೋಡಿನ ಮಗು. "ಸಾರ್, ದೆಹಲಿಯ ಚಳಿಗಾಲದ ಅಧಿವೇಶನದಲ್ಲಿ ಇಪ್ಪತ್ತು ದಿನ ಕೂತು ಒಂದೇ ಒಂದು ಕಾನೂನು ಮಾಡಿದ್ದಂತೆ. ನಾವು ಒಂದೇ ಗಂಟೆಯ ಸಭೆಯಲ್ಲಿ ನಾಲ್ಕು ತೀರ್ಮಾನ ಮಾಡ್ತೇವಲ್ಲ?" ಅಂದಳು. ತರಗತಿಗೆ ತರಗತಿಯೇ ನಕ್ಕಿತು.

ನಾನೂ ನಕ್ಕು, "ಅಲ್ಲಿ ಬರೇ ಗಲಾಟೆ ಮಾಡ್ತಾರೆ ಮಗಾ" ಎಂದು ಹೇಳಿ ಪಾಠ ಮುಂದುವರಿಸಿದೆ.

ಸಂಜೆ ಬಸ್ಸಿನಲ್ಲಿ ಕೂತಾಗ ಆ ಉತ್ತರ ಮನಸ್ಸಿಗೆ ಚುಚ್ಚತೊಡಗಿತು. ಸಮಾಜ ಪಾಠ ಹೇಳುವ ಅಧ್ಯಾಪಕ ಕೊಡಬೇಕಾದ ಉತ್ತರ ಅದಲ್ಲ. ಅದರಲ್ಲಿ ಅರ್ಧ ಸತ್ಯ ಇದೆ, ಉಳಿದರ್ಧ ನನ್ನ ಸೋಮಾರಿತನ. ಸಂಸತ್ತನ್ನು ಗೇಲಿ ಮಾಡುವುದು ಸುಲಭ. ಆದರೆ ಗಡಿಯಾಚೆಯ ಕನ್ನಡ ಶಾಲೆಯ ಅಧ್ಯಾಪಕನಿಗೆ ಹಾಗೆ ಗೇಲಿ ಮಾಡುವ ಹಕ್ಕು ಸ್ವಲ್ಪ ಕಡಿಮೆಯೇ. ಯಾಕೆಂದು ಕೊನೆಗೆ ಹೇಳುತ್ತೇನೆ. ಮೊದಲು ಆ ಹುಡುಗಿಯ ಪ್ರಶ್ನೆಗೆ ಉತ್ತರ ಹುಡುಕೋಣ.

ಕರಿಹಲಗೆಯ ಲೆಕ್ಕ

ಮರುದಿನ ಕರಿಹಲಗೆಯಲ್ಲಿ ಒಂದು ಲೆಕ್ಕ ಬರೆದೆ. 2024ರ ಚಳಿಗಾಲದ ಅಧಿವೇಶನ ನವೆಂಬರ್ 25ರಿಂದ ಡಿಸೆಂಬರ್ 20ರ ತನಕ ನಡೆಯಿತು. ಸದನ ಕೂಡಿದ್ದು 20 ದಿನ. ಲೋಕಸಭೆ ಬೆಳಗ್ಗೆ 11ಕ್ಕೆ ಸೇರಿ ಸಂಜೆ 6ಕ್ಕೆ ಏಳುತ್ತದೆ, ನಡುವೆ ಊಟಕ್ಕೆ ಒಂದು ಗಂಟೆ. ದಿನಕ್ಕೆ 6 ಗಂಟೆಯಂತೆ 20 ದಿನಕ್ಕೆ 120 ಗಂಟೆ.

ಈಗ ಕಳೆಯುತ್ತಾ ಬನ್ನಿ. ದಿನದ ಮೊದಲ ಗಂಟೆ ಪ್ರಶ್ನೋತ್ತರದ್ದು. ಮಂತ್ರಿಗಳನ್ನು ಸದಸ್ಯರು ಪ್ರಶ್ನಿಸುವ ಹೊತ್ತು ಅದು. ಅಲ್ಲಿಗೆ 20 ಗಂಟೆ. ಅದರ ನಂತರ ಶೂನ್ಯವೇಳೆ, ಊರಿನ ತುರ್ತು ಸಂಗತಿಗಳನ್ನು ಎತ್ತುವ ಸಮಯ. ಅದಕ್ಕೂ ಸುಮಾರು ಅಷ್ಟೇ. ಶುಕ್ರವಾರಗಳಂದು ಕೊನೆಯ ಎರಡೂವರೆ ಗಂಟೆ ಖಾಸಗಿ ಸದಸ್ಯರಿಗೆ, ಅಂದರೆ ಮಂತ್ರಿಗಳಲ್ಲದ ಸದಸ್ಯರಿಗೆ ಮೀಸಲು. ನಾಲ್ಕು ಶುಕ್ರವಾರಕ್ಕೆ 10 ಗಂಟೆ. ಉಳಿದದ್ದು 70 ಗಂಟೆ. ಅದರಲ್ಲೇ ಪೂರಕ ಅಂದಾಜುಗಳ ಚರ್ಚೆ ಆಗಬೇಕು. ಆ ಸಲ ಸಂವಿಧಾನಕ್ಕೆ 75 ವರ್ಷ ತುಂಬಿದ ನೆನಪಿಗೆ ಪ್ರತಿ ಸದನದಲ್ಲೂ ಎರಡೆರಡು ದಿನ ವಿಶೇಷ ಚರ್ಚೆ ಬೇರೆ ನಡೆಯಿತು.

ಇದೆಲ್ಲ ಗಲಾಟೆಯೇ ಇಲ್ಲದಿದ್ದರೆ ಆಗುವ ಲೆಕ್ಕ. ನಿಜದಲ್ಲಿ ಆ ಅಧಿವೇಶನದಲ್ಲಿ ಲೋಕಸಭೆ ನಿಗದಿತ ಸಮಯದ ಅರ್ಧಕ್ಕಿಂತ ತುಸು ಹೆಚ್ಚು, ರಾಜ್ಯಸಭೆ ಸುಮಾರು ಶೇಕಡಾ 40 ಮಾತ್ರ ಕೆಲಸ ಮಾಡಿತು. ಹಾಗಾಗಿ ನನ್ನ ಉತ್ತರದ ಅರ್ಧ ಸತ್ಯ ಇಲ್ಲಿದೆ. ಗಲಾಟೆಯಲ್ಲಿ ಸಮಯ ಹೋಗುವುದು ಹೌದು.

"ಅಂದ್ರೆ ಕಾನೂನು ಮಾಡ್ಲಿಕ್ಕೆ ಉಳಿಯುವುದೇ ಸ್ವಲ್ಪ ಹೊತ್ತು" ಅಂದ ಹಿಂದಿನ ಬೆಂಚಿನ ಹುಡುಗ. ಸರಿಯಾಗಿ ಹೇಳಿದ. ಆದರೆ ಈ ಕಳೆಯುವ ಲೆಕ್ಕದಲ್ಲಿ ಒಂದು ಪಾಠ ಉಂಟು. ಪ್ರಶ್ನೋತ್ತರದಲ್ಲಿ ಹೋದ ಸಮಯ ಹಾಳಾದ ಸಮಯವಲ್ಲ. ಸಂಸತ್ತಿನ ಕೆಲಸ ಕಾನೂನು ಮಾಡುವುದೊಂದೇ ಅಲ್ಲ. ಸರಕಾರವನ್ನು ಪ್ರಶ್ನಿಸುವುದು, ಹಣದ ಲೆಕ್ಕ ಕೇಳುವುದು, ಊರಿನ ಅಹವಾಲು ಮುಟ್ಟಿಸುವುದು ಇವೆಲ್ಲ ಅದರದ್ದೇ ಕೆಲಸ.

ಬಿತ್ತಿದ್ದು ಒಮ್ಮೆ, ಕೊಯ್ದದ್ದು ಇನ್ನೊಮ್ಮೆ

ಇನ್ನು ಆ "ಒಂದೇ ಕಾನೂನು". ಅದು ಭಾರತೀಯ ವಾಯುಯಾನ ವಿಧೇಯಕ. 1934ರ ವಿಮಾನ ಕಾಯ್ದೆಯ ಬದಲಿಗೆ ಬಂದದ್ದು. ಅದನ್ನು ಲೋಕಸಭೆ ಒಪ್ಪಿದ್ದು ಹಿಂದಿನ ಅಧಿವೇಶನದಲ್ಲಿ, 2024ರ ಆಗಸ್ಟಿನಲ್ಲಿ. ರಾಜ್ಯಸಭೆ ಒಪ್ಪಿದ್ದು ಡಿಸೆಂಬರಿನಲ್ಲಿ. ಹಾಗಾಗಿ ಡಿಸೆಂಬರಿನ ಲೆಕ್ಕಕ್ಕೆ ಸೇರಿತು.

ಅದೇ ಡಿಸೆಂಬರಿನಲ್ಲಿ ಲೋಕಸಭೆ ರೈಲ್ವೆ ತಿದ್ದುಪಡಿ, ಬ್ಯಾಂಕಿಂಗ್ ಕಾಯ್ದೆಗಳ ತಿದ್ದುಪಡಿ, ವಿಪತ್ತು ನಿರ್ವಹಣಾ ತಿದ್ದುಪಡಿ ಮಸೂದೆಗಳನ್ನು ಒಪ್ಪಿತು. ರಾಜ್ಯಸಭೆ ತೈಲ ಕ್ಷೇತ್ರಗಳ ಮಸೂದೆಯನ್ನೂ 1923ರ ಕಾಯ್ದೆಯ ಬದಲಿಗೆ ಬಂದ ಬಾಯ್ಲರ್ ಮಸೂದೆಯನ್ನೂ ಒಪ್ಪಿತು. ಆದರೆ ಒಂದು ಸದನ ಒಪ್ಪಿದರೆ ಸಾಲದು, ಇನ್ನೊಂದೂ ಒಪ್ಪಬೇಕು, ಬಳಿಕ ರಾಷ್ಟ್ರಪತಿಯವರ ಅಂಕಿತ ಬೀಳಬೇಕು. ಈ ಐದೂ ಮಸೂದೆಗಳಿಗೆ ಎರಡನೆಯ ಸದನದ ಒಪ್ಪಿಗೆ ಸಿಕ್ಕಿದ್ದು ಮುಂದಿನ ಬಜೆಟ್ ಅಧಿವೇಶನದಲ್ಲಿ, 2025ರ ಮಾರ್ಚಿನಲ್ಲಿ.

ನಮ್ಮ ಊರಿನ ಮಕ್ಕಳಿಗೆ ಇದನ್ನು ಹೇಳುವುದು ಕಷ್ಟವಲ್ಲ. ಅಡಿಕೆ ಸಸಿ ನೆಟ್ಟ ವರ್ಷವೇ ಗೊನೆ ಎಣಿಸುತ್ತೇವಾ? ಒಂದು ಅಧಿವೇಶನವನ್ನು ಮಾತ್ರ ಕತ್ತರಿಸಿ ನೋಡಿದರೆ ಬೆಳೆ ಬಂದಿಲ್ಲ ಅನ್ನಿಸುತ್ತದೆ. ಹಿಂದಿನದನ್ನೂ ಮುಂದಿನದನ್ನೂ ಸೇರಿಸಿ ನೋಡಿದರೆ ತೋಟ ಕಾಣಿಸುತ್ತದೆ.

ಮಸೂದೆಗೆ ಪ್ರತಿ ಸದನದಲ್ಲೂ ಮೂರು ಹಂತಗಳಿವೆ. ಮೊದಲು ಮಂಡನೆ. ಎರಡನೆಯದು ತಿರುಳಿನ ಚರ್ಚೆ, ಬೇಕಾದರೆ ಸಮಿತಿಯ ಪರಿಶೀಲನೆ, ನಂತರ ಒಂದೊಂದೇ ಕಲಮಿನ ಮೇಲೆ ಮತ. ಮೂರನೆಯದು ಇಡೀ ಮಸೂದೆಯ ಅಂಗೀಕಾರ. ಎರಡು ಸದನಗಳು ಒಪ್ಪದೆ ಹಠ ಹಿಡಿದರೆ ಜಂಟಿ ಅಧಿವೇಶನ ಕರೆಯಬಹುದು. ಇಷ್ಟು ವರ್ಷಗಳಲ್ಲಿ ಮಸೂದೆಗಾಗಿ ಹಾಗೆ ಕರೆದದ್ದು ಮೂರೇ ಸಲ. 1961ರಲ್ಲಿ ವರದಕ್ಷಿಣೆ ನಿಷೇಧ, 1978ರಲ್ಲಿ ಬ್ಯಾಂಕಿಂಗ್ ಸೇವಾ ಆಯೋಗದ ರದ್ದತಿ, 2002ರಲ್ಲಿ ಭಯೋತ್ಪಾದನಾ ತಡೆ ಮಸೂದೆಗಾಗಿ.

ಕಾದು ಕಾದು ಬಂದ ಕಾನೂನುಗಳು

ಇತಿಹಾಸದಲ್ಲಿ ಸ್ವಲ್ಪ ಹಿಂದೆ ಹೋಗೋಣ. ಹಿಂದೂ ಕೋಡ್ ಬಿಲ್‌ನ ಕತೆ ನಮ್ಮ ಕರಾವಳಿಗೂ ಸಂಬಂಧಪಟ್ಟದ್ದು. ಹಿಂದೂ ಕಾನೂನನ್ನು ಪರಿಶೀಲಿಸಲು 1941ರಲ್ಲಿ ನೇಮಿಸಿದ ಸಮಿತಿಗೆ ಮುಖ್ಯಸ್ಥರಾಗಿದ್ದವರು ಬೆನಗಲ್ ನರಸಿಂಗ ರಾವ್, ನಮ್ಮ ಮಂಗಳೂರಿನವರು. ಮುಂದೆ ಸಂವಿಧಾನ ಸಭೆಯ ಸಲಹೆಗಾರರಾದವರೂ ಇವರೇ. ಮಸೂದೆ ಮಂಡನೆಯಾದದ್ದು 1947ರಲ್ಲಿ. ಡಾ. ಅಂಬೇಡ್ಕರ್ ಕಾನೂನು ಮಂತ್ರಿಯಾಗಿ ಅದಕ್ಕಾಗಿ ವರ್ಷಗಟ್ಟಲೆ ಹೆಣಗಿದರು. ಚರ್ಚೆ ಮುಗಿಯಲಿಲ್ಲ, ವಿರೋಧ ತಗ್ಗಲಿಲ್ಲ. 1951ರಲ್ಲಿ ಅವರು ಬೇಸತ್ತು ರಾಜೀನಾಮೆ ಕೊಟ್ಟರು. ಮೊದಲ ಮಹಾಚುನಾವಣೆಯ ಬಳಿಕ ಅದನ್ನು ನಾಲ್ಕು ತುಂಡು ಮಾಡಿ 1955 ಮತ್ತು 1956ರಲ್ಲಿ ಅಂಗೀಕರಿಸಲಾಯಿತು. ಮದುವೆ, ಉತ್ತರಾಧಿಕಾರ, ಪೋಷಕತ್ವ, ದತ್ತು ಮತ್ತು ಜೀವನಾಂಶ, ಹೀಗೆ ನಾಲ್ಕು ಕಾಯ್ದೆಗಳು. ಸಮಿತಿಯಿಂದ ಕಾನೂನಿನ ತನಕ ಹದಿನೈದು ವರ್ಷ!

ಲೋಕಪಾಲ ಇದಕ್ಕಿಂತ ದೊಡ್ಡ ಕತೆ. ಮೊದಲ ಮಸೂದೆ 1968ರಲ್ಲಿ ಬಂತು. 1969ರಲ್ಲಿ ಲೋಕಸಭೆ ಒಪ್ಪಿಯೂ ಆಯಿತು. ರಾಜ್ಯಸಭೆ ಒಪ್ಪುವ ಮೊದಲೇ ಲೋಕಸಭೆ ವಿಸರ್ಜನೆಯಾಯಿತು, ಮಸೂದೆ ಬಿದ್ದುಹೋಯಿತು. ನಮ್ಮ ಸಂವಿಧಾನದ ನಿಯಮ ಹಾಗೆ. ಲೋಕಸಭೆ ವಿಸರ್ಜನೆಯಾದಾಗ ಅದರ ಮುಂದಿರುವ ಮಸೂದೆಗಳೂ, ಅದು ಒಪ್ಪಿ ರಾಜ್ಯಸಭೆಯಲ್ಲಿ ಕಾಯುತ್ತಿರುವ ಮಸೂದೆಗಳೂ ಸತ್ತ ಹಾಗೆ. ಹೊಸ ಸದನದಲ್ಲಿ ಮತ್ತೆ ಒಂದನೇ ಮೆಟ್ಟಿಲಿನಿಂದ ಹತ್ತಬೇಕು. ಲೋಕಪಾಲ ಹಾಗೆ ಹತ್ತಿ ಬಿದ್ದು, ಹತ್ತಿ ಬಿದ್ದು ಕೊನೆಗೆ 2013ರಲ್ಲಿ ಅಂಗೀಕಾರವಾಯಿತು.

ಮಹಿಳಾ ಮೀಸಲಾತಿ ಮಸೂದೆ ಮೊದಲು ಬಂದದ್ದು 1996ರಲ್ಲಿ. 2010ರಲ್ಲಿ ರಾಜ್ಯಸಭೆ ಒಪ್ಪಿತು, ಲೋಕಸಭೆಯಲ್ಲಿ ಮತಕ್ಕೇ ಬರಲಿಲ್ಲ. ಹೊಸ ಮಸೂದೆ ಎರಡೂ ಸದನಗಳಲ್ಲಿ ಗೆದ್ದದ್ದು 2023ರ ಸೆಪ್ಟೆಂಬರಿನಲ್ಲಿ. ಮೊದಲ ಮಸೂದೆ ಬಂದಾಗ ಹುಟ್ಟಿದ ಹೆಣ್ಣುಮಗು ಅಷ್ಟರಲ್ಲಿ 27 ವರ್ಷದವಳಾಗಿದ್ದಳು.

ಮಂತ್ರಿಗಳಲ್ಲದ ಸದಸ್ಯರು ತರುವ ಮಸೂದೆಗಳ ಗತಿ ಇನ್ನೂ ಕಷ್ಟ. 1952ರಿಂದ ಇವತ್ತಿನ ತನಕ ಎರಡೂ ಸದನ ದಾಟಿ ಕಾನೂನಾದದ್ದು ಹದಿನಾಲ್ಕೇ. ಕೊನೆಯದು ಆದದ್ದು 1970ರಲ್ಲಿ. ಸಂಸತ್ತಿನ ಕಲಾಪವನ್ನು ಪತ್ರಿಕೆಗಳು ಭಯವಿಲ್ಲದೆ ವರದಿ ಮಾಡಲು ರಕ್ಷಣೆ ಕೊಟ್ಟ 1956ರ ಕಾಯ್ದೆ ಈ ಹದಿನಾಲ್ಕರಲ್ಲಿ ಒಂದು. ಅದನ್ನು ತಂದವರು ಫಿರೋಜ್ ಗಾಂಧಿ. ಯಾವ ಮಸೂದೆಗೆ ಎಷ್ಟು ಸಮಯ ಎಂಬುದು ಹೆಚ್ಚಾಗಿ ಸರಕಾರದ ಕೈಯಲ್ಲಿರುತ್ತದೆ. ಸರಕಾರಕ್ಕೆ ಬೇಕಾದದ್ದು ಓಡುತ್ತದೆ, ಬೇಡವಾದದ್ದು ಕೂತಲ್ಲೇ ಕೂರುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ನಮ್ಮ ಕತೆಗೆ ಬೇಕಾಗುತ್ತದೆ.

ಇನ್ನೊಂದು ವಿಷಯ. ಎಲ್ಲ ಕಾನೂನೂ ದೆಹಲಿಯಲ್ಲಿ ಆಗಬೇಕಾದದ್ದಲ್ಲ. ಏಳನೆಯ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ಸಂವಿಧಾನ ಜಾರಿಗೆ ಬಂದಾಗ ಕೇಂದ್ರಕ್ಕೆ 97, ರಾಜ್ಯಕ್ಕೆ 66, ಇಬ್ಬರಿಗೂ ಸೇರಿದವು 47 ವಿಷಯಗಳು. ಪೊಲೀಸ್, ಕೃಷಿ, ಪಂಚಾಯತು ರಾಜ್ಯದ್ದು. ಶಿಕ್ಷಣ ಮೊದಲು ರಾಜ್ಯದ ಪಟ್ಟಿಯಲ್ಲಿತ್ತು, 1976ರ 42ನೆಯ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಗೆ ಬಂತು. ದಿನನಿತ್ಯದ ಬದುಕನ್ನು ಮುಟ್ಟುವ ಎಷ್ಟೋ ಕಾನೂನುಗಳು ತಿರುವನಂತಪುರದಲ್ಲಿ, ಬೆಂಗಳೂರಿನಲ್ಲಿ ಆಗುತ್ತವೆ.

ಗಲಾಟೆಯಾದರೆ ಕಾನೂನು ಕಡಿಮೆಯಾ?

ಇಲ್ಲಿ ಒಂದು ವಿಚಿತ್ರ ಉಂಟು. 2010ರ ಚಳಿಗಾಲದ ಅಧಿವೇಶನ 2ಜಿ ಹಗರಣದ ತನಿಖೆಗೆ ಜಂಟಿ ಸಂಸದೀಯ ಸಮಿತಿ ಬೇಕು ಎಂಬ ಪಟ್ಟಿನಿಂದ ಬಹುಮಟ್ಟಿಗೆ ಕೊಚ್ಚಿಹೋಯಿತು. ಆಗ ಕಾನೂನು ಮಾಡುವ ಕೆಲಸವೂ ನಿಂತಿತು. ಆದರೆ 2021ರ ಮಳೆಗಾಲದ ಅಧಿವೇಶನ ನೋಡಿ. ಲೋಕಸಭೆ ನಿಗದಿತ ಸಮಯದ ಸುಮಾರು ಶೇಕಡಾ 21 ಮಾತ್ರ ನಡೆಯಿತು. ಆದರೂ 20ಕ್ಕೂ ಹೆಚ್ಚು ಮಸೂದೆಗಳು ಎರಡೂ ಸದನ ದಾಟಿದವು! ಗದ್ದಲದ ನಡುವೆ "ಪರವಾಗಿರುವವರು ಹೌದೆನ್ನಿ" ಅಂದರು, ಮುಗಿಯಿತು.

ಈಗ ಹೇಳಿ, ಯಾವುದು ಒಳ್ಳೆಯ ಅಧಿವೇಶನ? ಕಾನೂನಿನ ಸಂಖ್ಯೆ ನೋಡಿದರೆ 2021ರದ್ದಕ್ಕೆ ಮೊದಲ ರ‍್ಯಾಂಕ್ ಕೊಡಬೇಕಾಗುತ್ತದೆ. ಉತ್ತರಪತ್ರಿಕೆಯನ್ನು ಬೇಗ ಕೊಟ್ಟು ಎದ್ದ ಹುಡುಗನಿಗೆ ಅಷ್ಟಕ್ಕೇ ಹೆಚ್ಚು ಅಂಕ ಕೊಟ್ಟ ಹಾಗೆ.

2020ರ ಕೃಷಿ ಕಾಯ್ದೆಗಳನ್ನೇ ನೋಡಿ. ಜೂನಿನಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರಿನಲ್ಲಿ ಕಾಯ್ದೆ. ಸಮಿತಿಗೆ ಕಳಿಸಿ ಎಂಬ ಬೇಡಿಕೆಗೆ ಒಪ್ಪಿಗೆ ಸಿಗಲಿಲ್ಲ. ಆಮೇಲೆ ದೆಹಲಿಯ ಗಡಿಗಳಲ್ಲಿ ರೈತರು ವರ್ಷವಿಡೀ ಕೂತರು. 2021ರ ನವೆಂಬರ್ 29ರಂದು ಆ ಮೂರೂ ಕಾಯ್ದೆಗಳನ್ನು ಹಿಂತೆಗೆಯುವ ಮಸೂದೆ ಒಂದೇ ದಿನದಲ್ಲಿ ಎರಡೂ ಸದನ ದಾಟಿತು. ಅದಕ್ಕೂ ಚರ್ಚೆ ಆಗಲಿಲ್ಲ. ಆ ಕಾಯ್ದೆಗಳು ಒಳ್ಳೆಯವೋ ಕೆಟ್ಟವೋ ಎಂಬ ವಾದ ಬೇರೆ. ಸದನದೊಳಗೆ ಆಗದ ಮಾತುಕತೆ ಬೀದಿಗೆ ಬಂತು ಎಂಬುದು ಮಾತ್ರ ಎಲ್ಲರಿಗೂ ಕಂಡ ಸತ್ಯ.

ಮಸೂದೆಗಳನ್ನು ಶಾಂತವಾಗಿ ಕೂತು ಓದಲೆಂದೇ 1993ರಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳನ್ನು ಮಾಡಿದರು. 2009ರಿಂದ 2014ರ ಲೋಕಸಭೆಯ ಕಾಲದಲ್ಲಿ ನೂರರಲ್ಲಿ 71 ಮಸೂದೆಗಳು ಸಮಿತಿಗಳಿಗೆ ಹೋದವು. 2019ರಿಂದ 2024ರ ಅವಧಿಯಲ್ಲಿ ಹೋದದ್ದು ನೂರಕ್ಕೆ 16. ಅದೇ ಅವಧಿಯ ಲೋಕಸಭೆ ಕೂಡಿದ್ದು ಒಟ್ಟು 274 ದಿನ, ವರ್ಷಕ್ಕೆ ಸರಾಸರಿ 55. ಪೂರ್ಣ ಅವಧಿ ಮುಗಿಸಿದ ಲೋಕಸಭೆಗಳಲ್ಲಿ ಇದು ಅತಿ ಕಡಿಮೆ. 1952ರಿಂದ 1957ರ ಮೊದಲ ಲೋಕಸಭೆ ಕೂಡಿದ್ದು 677 ದಿನ.

ಹಾಗಾಗಿ ಕಾನೂನು ಕಡಿಮೆಯಾದದ್ದು ನಮ್ಮ ನಿಜವಾದ ಚಿಂತೆ ಆಗಬೇಕಾಗಿಲ್ಲ. ಕೂಡುವ ದಿನ ಕಡಿಮೆಯಾದದ್ದು, ಓದುವುದು ಕಡಿಮೆಯಾದದ್ದು ಚಿಂತೆ.

1956 ಎಂಬ ವರ್ಷ

ಈಗ ನಮ್ಮ ಮನೆ ಬಾಗಿಲಿಗೆ ಬರೋಣ. ಲೋಕಸಭೆ ಒಂದೇ ವರ್ಷದಲ್ಲಿ ಅತಿ ಹೆಚ್ಚು ದಿನ ಕೂಡಿದ್ದು 1956ರಲ್ಲಿ, 151 ದಿನ. ಕಾಸರಗೋಡಿನವರು ಮರೆಯಲಾರದ ವರ್ಷವೂ ಅದೇ.

1953ರ ಡಿಸೆಂಬರಿನಲ್ಲಿ ಫಜಲ್ ಅಲಿಯವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ರಚನೆಯಾಯಿತು. ಹೃದಯನಾಥ ಕುಂಜ್ರು ಮತ್ತು ಕೆ. ಎಂ. ಪಣಿಕ್ಕರ್ ಉಳಿದಿಬ್ಬರು ಸದಸ್ಯರು. 1955ರ ಸೆಪ್ಟೆಂಬರಿನಲ್ಲಿ ಬಂದ ವರದಿ, ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕನ್ನು ಕೇರಳಕ್ಕೆ ಸೇರಿಸಲು ಹೇಳಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವಾದರೂ ಕನ್ನಡ ನಾಡಿನಲ್ಲೇ ಉಳಿಯಲಿ ಎಂದು ನಮ್ಮ ಹಿರಿಯರು ಕೇಳಿದರು. ಪೆರಡಾಲದ ನವಜೀವನ ಶಾಲೆಯ ಅಧ್ಯಾಪಕರಾಗಿದ್ದ ಕವಿ ಕಯ್ಯಾರ ಕಿಞ್ಞಣ್ಣ ರೈಯವರು ಆ ಹೋರಾಟದ ಮುಂಚೂಣಿಯಲ್ಲಿದ್ದರು.

ಸಂವಿಧಾನದ ಮೂರನೆಯ ವಿಧಿಯ ಪ್ರಕಾರ ರಾಜ್ಯಗಳ ಗಡಿ ಬದಲಿಸುವ ಅಧಿಕಾರ ಸಂಸತ್ತಿನದ್ದು. ಸಂಬಂಧಪಟ್ಟ ರಾಜ್ಯಗಳ ಶಾಸನಸಭೆಗಳ ಅಭಿಪ್ರಾಯ ಕೇಳಬೇಕು, ಆದರೆ ಅದಕ್ಕೆ ಕಟ್ಟುಬೀಳಬೇಕಾಗಿಲ್ಲ. ಶಾಸನಸಭೆಗಳು ಅಭಿಪ್ರಾಯ ಹೇಳಲು ಗಡುವು ಹಾಕುವ ಅವಕಾಶವನ್ನು 1955ರ ಡಿಸೆಂಬರಿನಲ್ಲಿ ಐದನೆಯ ತಿದ್ದುಪಡಿಯ ಮೂಲಕ ಮಾಡಿಕೊಂಡರು. ಮಸೂದೆ ಜಂಟಿ ಸಮಿತಿಗೆ ಹೋಯಿತು, ಎರಡೂ ಸದನಗಳಲ್ಲಿ ದೀರ್ಘ ಚರ್ಚೆಯಾಯಿತು, 1956ರ ಆಗಸ್ಟ್ 31ರಂದು ರಾಷ್ಟ್ರಪತಿಯವರ ಅಂಕಿತ ಬಿತ್ತು. ನವೆಂಬರ್ 1ರ ಬೆಳಗ್ಗೆ ನಮ್ಮ ಅಜ್ಜ ಅಜ್ಜಿಯಂದಿರು ತಮ್ಮ ಅದೇ ಮನೆಯಲ್ಲಿ, ಬೇರೆ ರಾಜ್ಯದಲ್ಲಿ ಎದ್ದರು.

ನೋಡಿ, ಅಷ್ಟು ದಿನ ಕೂಡಿದ ಸಂಸತ್ತು, ಅಷ್ಟು ಚರ್ಚೆ. ಆದರೂ ನಮ್ಮವರು ಕೇಳಿದ್ದು ಸಿಗಲಿಲ್ಲ. ಹೆಚ್ಚು ದಿನ ಕೂತರೆ ಎಲ್ಲರಿಗೂ ನ್ಯಾಯ ಸಿಕ್ಕೇಬಿಡುತ್ತದೆ ಎಂದು ಮಕ್ಕಳಿಗೆ ಸುಳ್ಳು ಹೇಳಲಾರೆ.

ಆದರೆ ಅದೇ ಸಂಸತ್ತು ಅದೇ ವರ್ಷ ಇನ್ನೊಂದು ಕೆಲಸ ಮಾಡಿತು. ಗಡಿ ಎಲ್ಲೇ ಎಳೆದರೂ ಯಾರಾದರೂ ಆಚೆ ಉಳಿಯುತ್ತಾರೆ ಎಂಬುದನ್ನು ಆಯೋಗವೇ ಕಂಡಿತ್ತು. ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 350ಎ ಮತ್ತು 350ಬಿ ವಿಧಿಗಳು ಸೇರಿದವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯುವ ಸೌಲಭ್ಯ ಕೊಡಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು ಎನ್ನುತ್ತದೆ ಮೊದಲನೆಯದು. ಇದನ್ನೆಲ್ಲ ನೋಡಿಕೊಳ್ಳಲು ಒಬ್ಬ ವಿಶೇಷ ಅಧಿಕಾರಿ ಇರಬೇಕು ಎನ್ನುತ್ತದೆ ಎರಡನೆಯದು. ಆ ನಾಲ್ಕು ಸಾಲು ಗಡಿಯಾಚೆಯ ಕನ್ನಡ ಶಾಲೆಗಳ ಬೆನ್ನಿಗಿರುವ ಗೋಡೆ. ಕನ್ನಡ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬಂದಾಗ, ಪಠ್ಯಪುಸ್ತಕ ತಡವಾದಾಗ ನಾವು ಅರ್ಜಿಯಲ್ಲಿ ಬರೆಯುವುದು ಆ ವಿಧಿಯ ಸಂಖ್ಯೆಯನ್ನೇ. ಸಂಸತ್ತನ್ನು ಗೇಲಿ ಮಾಡುವ ಹಕ್ಕು ನನಗೆ ಕಡಿಮೆ ಎಂದದ್ದು ಇದಕ್ಕೆ.

ಇನ್ನು ಆಗದೇ ಹೋದ ಕಾನೂನಿನ ಕತೆ. 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಚಂದ್ರಗಿರಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದಿತು. ಅದನ್ನು ಜಾರಿ ಮಾಡುವ ಮಸೂದೆ ಸಂಸತ್ತಿಗೆ ಬರಲೇ ಇಲ್ಲ. ಮೂರನೆಯ ವಿಧಿಯ ಮಸೂದೆ ಬರಬೇಕಾದರೆ ರಾಷ್ಟ್ರಪತಿಯವರ ಶಿಫಾರಸು ಬೇಕು, ಅಂದರೆ ಕೇಂದ್ರ ಸರಕಾರದ ಮನಸ್ಸು ಬೇಕು. ಆಗಲೇ ನೆನಪಿಡಿ ಎಂದೆನಲ್ಲ, ಸರಕಾರಕ್ಕೆ ಬೇಡವಾದದ್ದು ಕೂತಲ್ಲೇ ಕೂರುತ್ತದೆ ಎಂದು? ಇದು ಮೆಟ್ಟಿಲನ್ನೇ ಹತ್ತದ ಮಸೂದೆ. ಯಾವ ಅಧಿವೇಶನದ ಲೆಕ್ಕದಲ್ಲೂ ಇಂಥವು ಕಾಣುವುದಿಲ್ಲ.

ಮತ್ತೆ ತರಗತಿಗೆ

ಇಷ್ಟೆಲ್ಲವನ್ನೂ ಏಳನೆಯ ತರಗತಿಗೆ ಒಂದೇ ದಿನ ಹೇಳಲಿಲ್ಲ, ಮೂರು ಪೀರಿಯಡ್ ಹಿಡಿಯಿತು. ಕೊನೆಗೆ ಆ ಹುಡುಗಿಯನ್ನು ಕೇಳಿದೆ, "ಈಗ ಹೇಳು ಮಗಾ, ಒಂದು ಕಾನೂನು ಕಡಿಮೆಯಾ?"

ಅವಳು ಸ್ವಲ್ಪ ಯೋಚಿಸಿ ಹೇಳಿದಳು, "ಯಾವ ಕಾನೂನು ಅಂತ ನೋಡ್ಬೇಕು ಸಾರ್. ಮತ್ತೆ ಯಾರನ್ನು ಕೇಳಿ ಮಾಡಿದ್ದು ಅಂತ ನೋಡ್ಬೇಕು."

ಆ ತಿಂಗಳ ಶಾಲಾ ಸಂಸತ್ತಿನ ಸಭೆಯಲ್ಲಿ ನಾಲ್ಕು ತೀರ್ಮಾನ ಆಗಲಿಲ್ಲ. ಒಂದೇ ಆಯಿತು. ಬಿಸಿಯೂಟದ ಸಾಲಿನಲ್ಲಿ ಒಂದನೇ ತರಗತಿಯವರು ಮೊದಲು ನಿಲ್ಲಬೇಕೆಂದು. ಅದಕ್ಕೆ ಮೊದಲು ಒಂದನೇ ತರಗತಿಯ ಮಕ್ಕಳನ್ನು ಕರೆಸಿ ಕೇಳಿದರು. ಅವರಲ್ಲಿ ಇಬ್ಬರು, ನಮಗೆ ಅಣ್ಣನ ಒಟ್ಟಿಗೇ ನಿಲ್ಲಬೇಕು ಅಂದರು. ಅದಕ್ಕೂ ಒಂದು ತಿದ್ದುಪಡಿ ಬಂತು. ಮುಕ್ಕಾಲು ಗಂಟೆ ಹಿಡಿಯಿತು. ಊಟದ ಗಂಟೆ ಬಾರಿಸಿದರೂ ಯಾರೂ ಎದ್ದಿರಲಿಲ್ಲ.